ಕೀಟಪರಾವಲಂಬಿ ಶಿಲೀಂಧ್ರಗಳ ಹೊಸ ಪ್ರಭೇದ ಗುರುತಿಸುವಿಕೆ

ಕೀಟಪರಾವಲಂಬಿ ಶಿಲೀಂಧ್ರಗಳು ಜೀವಂತ ಕೀಟದ ಮೈಯನ್ನು ಹೊಕ್ಕು, ಅದರೊಳಗೆ ಬೆಳೆದು, ಸಾಮಾನ್ಯವಾಗಿ ಅದನ್ನು ಕೊಂದು, ಆ ದೇಹದಿಂದಲೇ ಬೀಜಕಗಳನ್ನು ಹೊರಬಿಡುವ ಶಿಲೀಂಧ್ರಗಳು. ಇವುಗಳಲ್ಲಿ ಹೊಸ ಪ್ರಭೇದವೊಂದನ್ನು ಗುರುತಿಸುವುದೆಂದರೆ ಕಾಡಿನಲ್ಲಿ ದೊರೆತ ನಮೂನೆಯ ಬಾಹ್ಯ ಮತ್ತು ಸೂಕ್ಷ್ಮ ರಚನೆ, ಅದರ ಆತಿಥೇಯ ಕೀಟ, ಕೃಷಿ ಮಾಧ್ಯಮದಲ್ಲಿ ಅದು ಬೆಳೆಯುವ ಬಗೆ ಮತ್ತು ಡಿಎನ್‌ಎ ಅನುಕ್ರಮಗಳನ್ನು ಈಗಾಗಲೇ ತಿಳಿದಿರುವ ಪ್ರಭೇದಗಳೊಡನೆ ಹೋಲಿಸಿ, ಅದು ಬೇರೆಯೆಂದು ಸಾಧಿಸಿ, ನಾಮಕರಣ ಸಂಹಿತೆಯ ಪ್ರಕಾರ ಹೆಸರಿಟ್ಟು ಪ್ರಕಟಿಸುವುದು. ಕೀಟಗಳಿಗೆ ರೋಗ ತರುವ ಸುಮಾರು 700ರಿಂದ 1,000 ಶಿಲೀಂಧ್ರ ಪ್ರಭೇದಗಳು ದಾಖಲಾಗಿವೆ. ಭೂಮಿಯ ಮೇಲಿನ ಒಟ್ಟು ಶಿಲೀಂಧ್ರ ಪ್ರಭೇದಗಳು 22 ಲಕ್ಷದಿಂದ 38 ಲಕ್ಷದವರೆಗೆ ಇರಬಹುದೆಂಬುದು 2017ರ ಒಂದು ಅಂದಾಜು. ಇವುಗಳಲ್ಲಿ ಹೆಸರು ಪಡೆದವು ಒಂದೂವರೆ ಲಕ್ಷವನ್ನು ದಾಟಿವೆ.

ಪರಿಭಾಷೆ

ಕೀಟದ ಮೇಲೆ ಕಾಣುವ ಶಿಲೀಂಧ್ರವೆಲ್ಲ ಪರಾವಲಂಬಿಯಲ್ಲ. ಸತ್ತ ಕೀಟದ ಮೇಲೆ ಬೂಷ್ಟಾಗಿ ಹಬ್ಬುವ ಪೆನಿಸಿಲಿಯಂ ಮೊದಲಾದವು ಬಹುಮಟ್ಟಿಗೆ ಕೊಳೆತಿನಿಗಳು. ಈ ಲೇಖನದಲ್ಲಿ ಶಿಲೀಂಧ್ರಕ್ಕೆ ಆಹಾರವಾಗುವ ಕೀಟವನ್ನು ಆತಿಥೇಯ ಎಂದು ಕರೆಯಲಾಗಿದೆ. ಲೈಂಗಿಕ ಹಂತದಲ್ಲಿ ಆಸ್ಕಸ್ ಎಂಬ ಚೀಲದೊಳಗೆ ಹುಟ್ಟುವ ಬೀಜಕ ಆಸ್ಕೋಬೀಜಕ. ನಿರ್ಲಿಂಗ ಹಂತದಲ್ಲಿ ಎಳೆಯ ತುದಿಯಿಂದ ಕಳಚಿಕೊಳ್ಳುವ ಬೀಜಕ ಕೊನಿಡಿಯ. ಆತಿಥೇಯದ ದೇಹದಿಂದ ಹೊರಕ್ಕೆ ಬೆಳೆಯುವ ಕೋಲು ಅಥವಾ ಗದೆಯಾಕಾರದ ಭಾಗ ಸ್ಟ್ರೋಮ. ಆಸ್ಕಸ್‌ಗಳನ್ನು ಒಳಗೊಂಡ, ಮೇಲೆ ಸಣ್ಣ ರಂಧ್ರವಿರುವ ಸೂಕ್ಷ್ಮ ಹೂಜಿಯಾಕಾರದ ಅಂಗ ಪೆರಿತೀಸಿಯಂ. ಒಂದು ಪ್ರಭೇದದ ಹೆಸರು ಯಾವ ನಮೂನೆಗೆ ಶಾಶ್ವತವಾಗಿ ಅಂಟಿಕೊಂಡಿರುತ್ತದೆಯೋ ಅದು ಮೂಲಮಾದರಿ. ಹೊರನೋಟಕ್ಕೆ ಒಂದೇ ಆಗಿ ಕಂಡರೂ ಹಲವು ಪ್ರಭೇದಗಳನ್ನು ಒಳಗೊಂಡ ಗುಂಪು ಪ್ರಭೇದ ಸಂಕೀರ್ಣ. ಜಾತಿ ಎಂಬ ಪದವನ್ನು ಪ್ರಭೇದಕ್ಕಿಂತ ಮೇಲಿನ, ಕುಟುಂಬಕ್ಕಿಂತ ಕೆಳಗಿನ ಹಂತಕ್ಕೆ ಮಾತ್ರ ಬಳಸಲಾಗಿದೆ.

ಅಧ್ಯಯನದ ಇತಿಹಾಸ

ಟಿಬೆಟಿನ ವೈದ್ಯ ಝುರ್‌ಖರ್ ನ್ಯಾಮ್ನಿ ದೋರ್ಜೆ 15ನೆಯ ಶತಮಾನದಲ್ಲಿ ಯಾರ್ತ್ಸಾ ಗುನ್‌ಬುವಿನ ಔಷಧಗುಣಗಳನ್ನು ಬರೆದಿಟ್ಟಿದ್ದಾನೆ. ಚಳಿಗಾಲದಲ್ಲಿ ಹುಳು, ಬೇಸಿಗೆಯಲ್ಲಿ ಹುಲ್ಲು ಎಂಬ ಅರ್ಥದ ಈ ಹೆಸರು ಇಂದು ಒಫಿಯೊಕಾರ್ಡಿಸೆಪ್ಸ್ ಸೈನೆನ್ಸಿಸ್ ಎಂದು ಕರೆಯುವ ಶಿಲೀಂಧ್ರದ್ದು. 1726ರಲ್ಲಿ ಇದು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಗಮನಕ್ಕೆ ಬಂತು. 1843ರಲ್ಲಿ ಇಂಗ್ಲೆಂಡಿನ ಮೈಲ್ಸ್ ಬರ್ಕ್ಲಿ ಇದಕ್ಕೆ ಮೊದಲ ವೈಜ್ಞಾನಿಕ ಹೆಸರು ಕೊಟ್ಟ.

ಶಿಲೀಂಧ್ರವೇ ರೋಗಕ್ಕೆ ಕಾರಣವೆಂದು ಪ್ರಯೋಗದಿಂದ ತೋರಿಸಿದ ಮೊದಲಿಗರಲ್ಲಿ ಇಟಲಿಯ ಅಗೊಸ್ಟಿನೊ ಬಾಸಿ ಮುಖ್ಯ. ರೇಷ್ಮೆಹುಳುಗಳು ಸತ್ತು ಗಟ್ಟಿಯಾಗಿ ಸುಣ್ಣ ಬಳಿದಂತೆ ಬೆಳ್ಳಗಾಗುವ ರೋಗ ಸೋಂಕಿನಿಂದ ಹರಡುತ್ತದೆ ಎಂದು ಆತ 1835ರಲ್ಲಿ ಪ್ರಕಟಿಸಿದ. ಕರ್ನಾಟಕದ ರೇಷ್ಮೆ ಬೆಳೆಗಾರರು ಸುಣ್ಣಕಟ್ಟು ಎಂದು ಕರೆಯುವ ರೋಗ ಇದೇ. ರೋಗಕಾರಕ ಶಿಲೀಂಧ್ರಕ್ಕೆ ಬಾಸಿಯ ನೆನಪಿನಲ್ಲಿ ಇಟ್ಟ ಹೆಸರು ಇಂದು ಬ್ಯೂವೇರಿಯಾ ಬಾಸಿಯಾನ ಎಂದು ಉಳಿದಿದೆ. ಲೂಯಿ ಪಾಶ್ಚರ್‌ನ ರೋಗಾಣು ಸಿದ್ಧಾಂತಕ್ಕಿಂತ ಹಲವು ದಶಕ ಮುಂಚಿನ ಕೆಲಸ ಇದು. 1879ರಲ್ಲಿ ಎಲೀ ಮೆಚ್ನಿಕಾಫ್ ಗೋಧಿಯ ದುಂಬಿಯ ಮೇಲೆ ಹಸಿರು ಬೀಜಕಗಳ ಶಿಲೀಂಧ್ರವೊಂದನ್ನು ಕಂಡು, ಅದನ್ನು ಪೀಡೆ ನಿಯಂತ್ರಣಕ್ಕೆ ಬಳಸಬಹುದೆಂದು ಸೂಚಿಸಿದ. ಅದು ಮೆಟಾರೈಜಿಯಂ ಅನೈಸೋಪ್ಲಿಯೆ.

ಕಾಡಿನ ಪ್ರಭೇದಗಳ ವರ್ಗೀಕರಣಕ್ಕೆ ಬುನಾದಿ ಹಾಕಿದವರಲ್ಲಿ ಸಿಂಹಳದ ಪೆರಾದೆನಿಯದಲ್ಲಿ ಕೆಲಸ ಮಾಡಿದ ಟಾಮ್ ಪೆಚ್ ಒಬ್ಬ. ಒಫಿಯೊಕಾರ್ಡಿಸೆಪ್ಸ್ ಜಾತಿಯನ್ನು ಆತ 1931ರಲ್ಲಿ ಸ್ಥಾಪಿಸಿದ; ಅದರ ಮಾದರಿ ಪ್ರಭೇದ ಜಿರಳೆಯ ಮೇಲೆ ಬೆಳೆಯುವ ಒ. ಬ್ಲಾಟೆ. ಜಪಾನಿನ ಯೋಶಿಯೊ ಕೊಬಾಯಾಸಿ 1941ರಲ್ಲಿ ಕಾರ್ಡಿಸೆಪ್ಸ್ ಕುರಿತ ದೊಡ್ಡ ಪ್ರಬಂಧವನ್ನು ಪ್ರಕಟಿಸಿದ. ಘಾನಾ ಮತ್ತಿತರ ಉಷ್ಣವಲಯದ ಕಾಡುಗಳ ಇರುವೆಗಳ ಮೇಲಿನ ಶಿಲೀಂಧ್ರಗಳನ್ನು ಹ್ಯಾರಿ ಇವಾನ್ಸ್ ಮತ್ತು ರಾಬರ್ಟ್ ಸ್ಯಾಮ್ಸನ್ 1980ರ ದಶಕದ ಆರಂಭದಲ್ಲಿ ವಿವರಿಸಿದರು. ಥಾಯ್ಲೆಂಡಿನ ಖಾವೊ ಯಾಯ್ ರಾಷ್ಟ್ರೀಯ ಉದ್ಯಾನದಲ್ಲಿ ನೈಜೆಲ್ ಹೈವೆಲ್-ಜೋನ್ಸ್ ಆರಂಭಿಸಿದ ಸಮೀಕ್ಷೆ, ಮುಂದೆ ಆ ದೇಶದ ಬಯೋಟೆಕ್ ಸಂಸ್ಥೆಯಲ್ಲಿ ಜೆನ್ನಿಫರ್ ಲುವಾಂಗ್ಸಾ-ಆರ್ಡ್ ಅವರ ತಂಡದ ಕೈಯಲ್ಲಿ ಏಷ್ಯದ ಮುಖ್ಯ ಸಂಗ್ರಹಗಳಲ್ಲಿ ಒಂದಾಗಿ ಬೆಳೆಯಿತು.

ಉಗಮ

ಈ ಶಿಲೀಂಧ್ರಗಳ ಮೃದು ದೇಹ ಶಿಲೆಯಲ್ಲಿ ಉಳಿಯುವುದು ವಿರಳ. ಮ್ಯಾನ್ಮಾರಿನ ಅಂಬರಿನಲ್ಲಿ ಸಿಕ್ಕಿಕೊಂಡ ಶಲ್ಕಕೀಟವೊಂದರ ಮೇಲೆ ಕಂಡ ಪೇಲಿಯೊಒಫಿಯೊಕಾರ್ಡಿಸೆಪ್ಸ್ ಕಾಕೊಫೇಗಸ್ ಸುಮಾರು 10 ಕೋಟಿ ವರ್ಷ ಹಳೆಯದು. ಇದನ್ನು 2008ರಲ್ಲಿ ವಿವರಿಸಲಾಯಿತು. ಜರ್ಮನಿಯ ಮೆಸ್ಸೆಲ್‌ನಲ್ಲಿ ದೊರೆತ 4.8 ಕೋಟಿ ವರ್ಷ ಹಿಂದಿನ ಎಲೆಯ ಪಳೆಯುಳಿಕೆಯಲ್ಲಿ ನರದ ಇಬ್ಬದಿಗೂ ಕಚ್ಚಿದ ಗುರುತುಗಳಿವೆ. ಸೋಂಕಿತ ಇರುವೆ ಇಂದು ಎಲೆಯ ನರವನ್ನು ಕಚ್ಚಿ ಸಾಯುವಾಗ ಉಳಿಸುವ ಗುರುತಿಗೂ ಇದಕ್ಕೂ ಹೋಲಿಕೆ ಇರುವುದರಿಂದ, ಇರುವೆಯ ನಡವಳಿಕೆಯನ್ನು ಬದಲಿಸುವ ಸಾಮರ್ಥ್ಯ ಅಷ್ಟು ಹಳೆಯದೆಂದು ವಿದ್ವಾಂಸರು ಊಹಿಸಿದ್ದಾರೆ. ಅಲ್ಲಿ ಇರುವೆಯಾಗಲಿ ಶಿಲೀಂಧ್ರವಾಗಲಿ ಸಿಕ್ಕಿಲ್ಲ. ಇರುವುದು ಕಡಿತದ ಗುರುತು ಮಾತ್ರ.

ಮುಖ್ಯ ಗುಂಪುಗಳು

ಕೀಟಪರಾವಲಂಬನೆ ಶಿಲೀಂಧ್ರಗಳ ಹಲವು ಶಾಖೆಗಳಲ್ಲಿ ಸ್ವತಂತ್ರವಾಗಿ ವಿಕಾಸಗೊಂಡಿದೆ. ಹೆಚ್ಚಿನ ಪ್ರಭೇದಗಳು ಆಸ್ಕೊಮೈಕೋಟದ ಹೈಪೊಕ್ರಿಯೇಲಿಸ್ ಗಣಕ್ಕೆ ಸೇರಿವೆ. ಮನೆನೊಣವನ್ನು ಕೊಂದು ಗಾಜಿನ ಮೇಲೆ ಅದರ ಸುತ್ತ ಬಿಳಿ ಬೀಜಕಗಳ ವಲಯ ಮೂಡಿಸುವ ಎಂಟೊಮಾಫ್ತೊರಾ ಮಸ್ಕೆ, ಜೀವಂತ ಸಿಕಾಡದ ಹೊಟ್ಟೆಯ ತುದಿಯನ್ನೇ ಬೀಜಕಗಳ ಬಿಲ್ಲೆಯಾಗಿಸುವ ಮ್ಯಾಸೊಸ್ಪೋರ ಮೊದಲಾದವು ಎಂಟೊಮಾಫ್ತೊರೇಲಿಸ್ ಗಣದವು. ಸೊಳ್ಳೆಯ ಮರಿಗಳನ್ನು ಕಾಡುವ ಸೀಲೊಮೊಮೈಸಿಸ್ ನೀರಿನಲ್ಲಿ ಈಜುವ ಬೀಜಕಗಳ ಗುಂಪಿನದು. ಅಣಬೆಗಳ ಬಂಧುವಾದ ಸೆಪ್ಟೊಬೆಸಿಡಿಯಂ ಶಲ್ಕಕೀಟಗಳನ್ನು ಕೂಡಲೇ ಕೊಲ್ಲದೆ, ತನ್ನ ಹಾಸಿನಡಿಯಲ್ಲಿ ಅವುಗಳ ಹಿಂಡನ್ನು ಇಟ್ಟುಕೊಂಡು, ಕೆಲವನ್ನು ಮಾತ್ರ ಹೀರುತ್ತದೆ.

ಹೈಪೊಕ್ರಿಯೇಲಿಸ್‌ನಲ್ಲಿ ಬಹುಕಾಲ ಕಾರ್ಡಿಸೆಪ್ಸ್ ಎಂಬ ಒಂದೇ ಜಾತಿಯಲ್ಲಿ ನೂರಾರು ಪ್ರಭೇದಗಳನ್ನು ಸೇರಿಸಲಾಗಿತ್ತು. ಜಿ. ಎಚ್. ಸಂಗ್ ಮತ್ತು ಸಂಗಡಿಗರು 2007ರಲ್ಲಿ ಹಲವು ವಂಶವಾಹಿಗಳ ಆಧಾರದ ಮೇಲೆ ಅದನ್ನು ಒಡೆದು ಮೂರು ಕುಟುಂಬಗಳಿಗೆ ಹಂಚಿದರು. ಕಾರ್ಡಿಸಿಪಿಟೇಸಿಯ ಸ್ಟ್ರೋಮಗಳು ಸಾಮಾನ್ಯವಾಗಿ ಮೃದು ಮತ್ತು ಉಜ್ಜ್ವಲ ಬಣ್ಣದವು. ಚಿಟ್ಟೆ-ಪತಂಗಗಳ ಕೋಶದಿಂದ ಕಿತ್ತಳೆ ಬಣ್ಣದಲ್ಲಿ ಏಳುವ ಕಾರ್ಡಿಸೆಪ್ಸ್ ಮಿಲಿಟಾರಿಸ್ ಇದರ ಮಾದರಿ. ಒಫಿಯೊಕಾರ್ಡಿಸಿಪಿಟೇಸಿಯವು ಹೆಚ್ಚಾಗಿ ಕಪ್ಪು ಛಾಯೆಯ, ಬಿರುಸಾದ, ತೆಳುಕಾಂಡದ ರೂಪಗಳು. ಮೆಟಾರೈಜಿಯಂ ಮತ್ತು ಅದರ ಸಂಬಂಧಿಗಳು ಕ್ಲಾವಿಸಿಪಿಟೇಸಿಯಲ್ಲಿ ಉಳಿದವು. ಈ ಬಣ್ಣ-ಬಿರುಸುಗಳ ನಿಯಮಕ್ಕೆ ಅಪವಾದಗಳು ಬೇಕಾದಷ್ಟಿವೆ: ಒ. ನ್ಯೂಟನ್ಸ್‌ನ ಕಪ್ಪು ಕಾಂಡದ ತುದಿ ಕಡುಕಿತ್ತಳೆ.

ರಚನೆ ಮತ್ತು ಜೀವನಚಕ್ರ

ಕೊನಿಡಿಯ ಅಥವಾ ಆಸ್ಕೋಬೀಜಕದ ತುಂಡು ಕೀಟದ ಹೊರಕವಚಕ್ಕೆ ಅಂಟಿಕೊಂಡು ಮೊಳೆಯುತ್ತದೆ. ಮೊಳಕೆಯ ತುದಿ ಉಬ್ಬಿ ಒತ್ತಡ ಹಾಕುವುದರ ಜೊತೆಗೆ, ಪ್ರೋಟೀನ್ ಮತ್ತು ಕೈಟಿನ್ ಕರಗಿಸುವ ಕಿಣ್ವಗಳು ಕವಚವನ್ನು ಸಡಿಲಿಸುತ್ತವೆ. ಬ್ಯಾಕ್ಟೀರಿಯ ಮತ್ತು ವೈರಸ್‌ಗಳು ಸಾಮಾನ್ಯವಾಗಿ ಆಹಾರದ ಮೂಲಕ ಒಳಸೇರಬೇಕಾದರೆ, ಈ ಶಿಲೀಂಧ್ರಗಳಿಗೆ ಚರ್ಮವೇ ದಾರಿ. ಒಳಸೇರಿದ ಶಿಲೀಂಧ್ರ ಕೀಟದ ರಕ್ತದಲ್ಲಿ ಬಿಡಿ ಕೋಶಗಳಾಗಿ ಹೆಚ್ಚುತ್ತದೆ. ಆತಿಥೇಯ ಸತ್ತ ಮೇಲೆ ಎಳೆಗಳು ಹೆಣೆದುಕೊಂಡು ದೇಹವನ್ನು ಗಟ್ಟಿ ಮುದ್ದೆಯಾಗಿಸುತ್ತವೆ. ಕವಚ ಹಾಗೆಯೇ ಉಳಿಯುವುದರಿಂದ ಕೀಟದ ಆಕಾರ ಕೆಡುವುದಿಲ್ಲ. ಅನುಕೂಲ ತೇವದಲ್ಲಿ ಸ್ಟ್ರೋಮ ಹೊರಬರುತ್ತದೆ.

ಪೆರಿತೀಸಿಯಂಗಳು ಸ್ಟ್ರೋಮದಲ್ಲಿ ಪೂರ್ತಿ ಹುದುಗಿರಬಹುದು, ಅರ್ಧ ಹೊರಚಾಚಿರಬಹುದು ಅಥವಾ ಮೇಲ್ಮೈಯಲ್ಲೇ ಕುಳಿತಿರಬಹುದು. ಅವುಗಳೊಳಗಿನ ಆಸ್ಕಸ್ ಉದ್ದನೆಯ ಕೊಳವೆ. ಅದರ ತುದಿಯಲ್ಲಿ ಸಣ್ಣ ರಂಧ್ರವಿರುವ ದಪ್ಪ ಟೋಪಿಯಿರುತ್ತದೆ. ಆಸ್ಕೋಬೀಜಕಗಳು ದಾರದಂತೆ ನೀಳ, ಅಡ್ಡಗೋಡೆಗಳುಳ್ಳವು. ಕೆಲವು ಪ್ರಭೇದಗಳಲ್ಲಿ ಅವು ಗೋಡೆಗಳ ಬಳಿ ತುಂಡಾಗಿ ಚಿಕ್ಕ ಭಾಗಬೀಜಕಗಳಾಗುತ್ತವೆ, ಕೆಲವದರಲ್ಲಿ ಇಡಿಯಾಗಿಯೇ ಉಳಿಯುತ್ತವೆ. ಪ್ರಭೇದ ನಿರ್ಣಯದಲ್ಲಿ ಈ ಒಂದು ಲಕ್ಷಣಕ್ಕೆ ಹೆಚ್ಚಿನ ತೂಕವಿದೆ.

ಮಿಶ್ರಕಾಡಿನ ನೆಲೆ

ಅಗಲೆಲೆ ಮತ್ತು ಸೂಚಿಪರ್ಣಿ ಮರಗಳು, ಅಥವಾ ನಿತ್ಯಹಸುರು ಮತ್ತು ಎಲೆಯುದುರಿಸುವ ಮರಗಳು ಒಟ್ಟಿಗೆ ಬೆಳೆದ ಕಾಡುಗಳು ಈ ಶಿಲೀಂಧ್ರಗಳಿಗೆ ಒಳ್ಳೆಯ ನೆಲೆ. ಅಲ್ಲಿ ಮರಗಳ ವೈವಿಧ್ಯದ ಜೊತೆಗೆ ಆತಿಥೇಯ ಕೀಟಗಳ ವೈವಿಧ್ಯವೂ ಇರುತ್ತದೆ, ತರಗೆಲೆಯ ದಪ್ಪ ಹಾಸು ನೆಲದ ತೇವವನ್ನು ಕಾಯುತ್ತದೆ. ನಮೂನೆಗಳು ಸಿಗುವ ಜಾಗಗಳು ಮೂರು ಬಗೆಯವು: ತರಗೆಲೆ ಮತ್ತು ಮಣ್ಣು, ಕೊಳೆಯುವ ಮರದ ದಿಮ್ಮಿ, ಮತ್ತು ಗಿಡಗಳ ಎಲೆಯಡಿ ಅಥವಾ ಕಡ್ಡಿ. ಹಳ್ಳದ ದಂಡೆಯಲ್ಲಿ ಮೂರೂ ಒಟ್ಟಿಗೆ ಇರುವುದರಿಂದ ಸಂಗ್ರಾಹಕರು ಮೊದಲು ಅಲ್ಲಿಗೇ ಹೋಗುತ್ತಾರೆ.

ಋತುಮಾನವೂ ಶಿಲೀಂಧ್ರದ ವರ್ತನೆಯನ್ನು ತಿದ್ದುತ್ತದೆ. ಉಷ್ಣವಲಯದ ನಿತ್ಯಹಸುರು ಕಾಡಿನಲ್ಲಿ ಸೋಂಕಿತ ಇರುವೆಗಳು ಎಲೆಯನ್ನು ಕಚ್ಚುತ್ತವೆ. ಚಳಿಗಾಲದಲ್ಲಿ ಎಲೆ ಉದುರುವ ಸಮಶೀತೋಷ್ಣ ಕಾಡಿನಲ್ಲಿ ಕಡ್ಡಿಯನ್ನು ಕಚ್ಚುತ್ತವೆ. ಕಡ್ಡಿಗೆ ಅಂಟಿದ ದೇಹ ಚಳಿಗಾಲ ಕಳೆದು ಮುಂದಿನ ವರ್ಷ ಬೀಜಕ ಬಿಡುವವರೆಗೂ ಬೀಳದೆ ಉಳಿಯುತ್ತದೆ. ಈ ಬದಲಾವಣೆ ಹಲವು ವಂಶಗಳಲ್ಲಿ ಬೇರೆ ಬೇರೆಯಾಗಿ ಉಂಟಾಗಿದೆಯೆಂದು 2018ರ ಅಧ್ಯಯನವೊಂದು ತೋರಿಸಿತು. ಆದ್ದರಿಂದ ಕಚ್ಚುವ ಜಾಗ ಕಾಡಿನ ಬಗೆಯನ್ನು ಹೇಳುತ್ತದೆಯೇ ಹೊರತು ರಕ್ತಸಂಬಂಧವನ್ನಲ್ಲ.

ಗುರುತಿಸುವ ಕ್ರಮ

ಸಂಗ್ರಹ. ಕಣ್ಣಿಗೆ ಬೀಳುವುದು ಹೆಚ್ಚಾಗಿ ಸ್ಟ್ರೋಮದ ತುದಿ ಮಾತ್ರ. ಅದನ್ನು ಕಿತ್ತರೆ ಕಾಂಡ ಮುರಿದು ಆತಿಥೇಯ ಮಣ್ಣಿನಲ್ಲೇ ಉಳಿದು, ನಮೂನೆ ನಿರುಪಯುಕ್ತವಾಗುತ್ತದೆ. ಸುತ್ತಲ ಮಣ್ಣನ್ನು ಬಿಡಿಸಿ, ಬುಡದವರೆಗೆ ಅಗೆದು, ಕೀಟಸಮೇತ ಎತ್ತುವುದು ಮೊದಲ ನಿಯಮ. ಎಲೆಯಡಿಯ ನಮೂನೆಯನ್ನು ಎಲೆಯೊಡನೆಯೇ ಕತ್ತರಿಸಿ, ನಲುಗದಂತೆ ಪೆಟ್ಟಿಗೆಯಲ್ಲಿ ಇಡುತ್ತಾರೆ. ಸ್ಥಳದ ಅಕ್ಷಾಂಶ-ರೇಖಾಂಶ, ಎತ್ತರ, ನೆಲದಿಂದ ಇದ್ದ ದೂರ, ಕೀಟದ ಭಂಗಿ, ತಾಜಾ ಬಣ್ಣ ಇವನ್ನು ಅಲ್ಲೇ ಬರೆದುಕೊಳ್ಳಬೇಕು. ಒಣಗಿದ ಮೇಲೆ ಬಣ್ಣ ಮಾಸುತ್ತದೆ. ಬಣ್ಣವನ್ನು ಮಾತಿನಲ್ಲಿ ಹೇಳುವ ಬದಲು ಪ್ರಮಾಣಿತ ವರ್ಣಪಟ್ಟಿಯ ಸಂಕೇತದಿಂದ ಸೂಚಿಸುವುದು ವಾಡಿಕೆ.

ಆತಿಥೇಯದ ನಿರ್ಣಯ. ಬಲಿತ ಇರುವೆ, ತಿಗಣೆ, ದುಂಬಿಗಳನ್ನು ಕೀಟತಜ್ಞರು ಹೊರರಚನೆಯಿಂದಲೇ ಗುರುತಿಸಬಲ್ಲರು. ಮರಿಹುಳು ಮತ್ತು ಕೋಶಗಳ ವಿಷಯದಲ್ಲಿ ಅನೇಕ ಸಲ ಕುಟುಂಬದ ಮಟ್ಟಕ್ಕಿಂತ ಕೆಳಗೆ ಇಳಿಯಲಾಗುವುದಿಲ್ಲ. ಅಂಥಲ್ಲಿ ದೇಹದ ಅವಶೇಷದಿಂದ ಕೀಟದ ಮೈಟೊಕಾಂಡ್ರಿಯದ ಸಿಒಐ ಎಂಬ ವಂಶವಾಹಿಯ ಅನುಕ್ರಮವನ್ನು ಪಡೆಯಲು ಯತ್ನಿಸುತ್ತಾರೆ. ಆತಿಥೇಯ ತಪ್ಪಾದರೆ ಪ್ರಭೇದದ ಕಲ್ಪನೆಯೂ ಕೆಡುತ್ತದೆ.

ಸೂಕ್ಷ್ಮ ರಚನೆ. ಸ್ಟ್ರೋಮದ ತೆಳು ಸೀಳುಗಳನ್ನು ಲ್ಯಾಕ್ಟೊಫೀನಾಲ್ ಕಾಟನ್ ಬ್ಲೂ ಬಣ್ಣದಲ್ಲಿಟ್ಟು ಪೆರಿತೀಸಿಯಂ, ಆಸ್ಕಸ್, ಆಸ್ಕೋಬೀಜಕಗಳ ಉದ್ದಗಲವನ್ನು ಅಳೆಯುತ್ತಾರೆ. ಒಂದೆರಡು ಬೀಜಕಗಳ ಅಳತೆ ಸಾಲದು. ಬಹಳಷ್ಟನ್ನು ಅಳೆದು ಕನಿಷ್ಠ-ಗರಿಷ್ಠ ವ್ಯಾಪ್ತಿಯನ್ನು ಕೊಡಬೇಕು. ಆಸ್ಕಸ್‌ನೊಳಗಿನ ಎಳೆಯ ಬೀಜಕಗಳನ್ನು ಅಳೆಯುವುದಕ್ಕಿಂತ, ತೇವದ ಪೆಟ್ಟಿಗೆಯಲ್ಲಿ ಸ್ಟ್ರೋಮವನ್ನು ಅಗಾರ್ ತಟ್ಟೆಯ ಮೇಲೆ ತೂಗಿಟ್ಟು, ಅದು ತಾನಾಗಿ ಚಿಮ್ಮಿಸಿದ ಬಲಿತ ಬೀಜಕಗಳನ್ನು ಅಳೆಯುವುದು ಸರಿಯಾದ ಕ್ರಮ. ಅವು ತುಂಡಾಗುತ್ತವೆಯೇ, ಹೇಗೆ ಮೊಳೆಯುತ್ತವೆ ಎಂಬುದೂ ಅಲ್ಲೇ ಗೊತ್ತಾಗುತ್ತದೆ.

ಶುದ್ಧ ಕೃಷಿ. ಚಿಮ್ಮಿದ ಬೀಜಕಗಳಿಂದಲೇ ಆಲೂಗೆಡ್ಡೆ-ಡೆಕ್ಸ್‌ಟ್ರೋಸ್ ಅಗಾರ್‌ನಲ್ಲಿ ಶಿಲೀಂಧ್ರವನ್ನು ಬೆಳೆಸುತ್ತಾರೆ. ಇಲ್ಲಿ ನಿರ್ಲಿಂಗ ರೂಪ ಕಾಣಿಸಿಕೊಳ್ಳಬಹುದು. ಕೃಷಿ ಸಾಧಿಸುವುದು ಸುಲಭವಲ್ಲ: ಒಫಿಯೊಕಾರ್ಡಿಸೆಪ್ಸ್‌ನ ಅನೇಕ ಪ್ರಭೇದಗಳು ಬಹಳ ನಿಧಾನ ಬೆಳೆಯುತ್ತವೆ, ಕೆಲವು ಬೆಳೆಯುವುದೇ ಇಲ್ಲ. ಅಷ್ಟರಲ್ಲಿ ವೇಗವಾಗಿ ಹಬ್ಬುವ ಬೂಷ್ಟುಗಳು ತಟ್ಟೆಯನ್ನು ಆಕ್ರಮಿಸಿರುತ್ತವೆ.

ವಂಶವಾಹಿ ವಿಶ್ಲೇಷಣೆ. ಶಿಲೀಂಧ್ರಗಳ ಸಾರ್ವತ್ರಿಕ ಬಾರ್‌ಕೋಡ್ ಎಂದು 2012ರಲ್ಲಿ ಸೂಚಿತವಾದ ಐಟಿಎಸ್ ಭಾಗ ಈ ಗುಂಪಿನಲ್ಲಿ ಹತ್ತಿರದ ಪ್ರಭೇದಗಳನ್ನು ಬೇರ್ಪಡಿಸಲು ಬಹಳ ಸಲ ಸಾಲುವುದಿಲ್ಲ. ಆದ್ದರಿಂದ ರೈಬೊಸೋಮಿನ ಸಣ್ಣ ಮತ್ತು ದೊಡ್ಡ ಉಪಘಟಕಗಳು, ಟಿಇಎಫ್, ಆರ್‌ಪಿಬಿ1, ಆರ್‌ಪಿಬಿ2 ಎಂಬ ವಂಶವಾಹಿಗಳನ್ನು ಸೇರಿಸಿ ಓದುತ್ತಾರೆ. ಪಿಸಿಆರ್ ಮೂಲಕ ಹೆಚ್ಚಿಸಿ ಪಡೆದ ಅನುಕ್ರಮಗಳನ್ನು ಜೀನ್‌ಬ್ಯಾಂಕಿನಲ್ಲಿರುವ ಅನುಕ್ರಮಗಳೊಡನೆ ಹೊಂದಿಸಿ, ಗರಿಷ್ಠ ಸಂಭಾವ್ಯತೆ ಮತ್ತು ಬೇಯ್ಸಿಯನ್ ವಿಧಾನಗಳಿಂದ ವಂಶವೃಕ್ಷ ರಚಿಸುತ್ತಾರೆ. ಹೊಸದೆನ್ನಲಾದ ನಮೂನೆಗಳು ಹತ್ತಿರದ ಪ್ರಭೇದದಿಂದ ಬೇರೆಯಾದ, ದೃಢ ಬೆಂಬಲವುಳ್ಳ ಕವಲಾಗಿ ನಿಲ್ಲಬೇಕು. ಒಂದೇ ನಮೂನೆಯ ಮೇಲೆ ನಿಂತ ಕವಲಿನ ಬಗ್ಗೆ ಪರಿಶೀಲಕರು ಸಾಮಾನ್ಯವಾಗಿ ಎಚ್ಚರ ವಹಿಸುತ್ತಾರೆ.

ಈ ಹಂತದ ದೊಡ್ಡ ಅಪಾಯ ಪರಾವಲಂಬಿಯ ಮೇಲಿನ ಪರಾವಲಂಬಿ. ಹಳೆಯ ಒಫಿಯೊಕಾರ್ಡಿಸೆಪ್ಸ್ ಸ್ಟ್ರೋಮದ ಮೇಲೆ ಪಾಲಿಸೆಫಾಲೊಮೈಸಿಸ್ ಮತ್ತು ಅದರ ಬಂಧುಗಳು ಬೆಳೆಯುತ್ತವೆ. ಅವೂ ಹೈಪೊಕ್ರಿಯೇಲಿಸ್ ಗಣದವೇ ಆದ್ದರಿಂದ, ನೇರ ನಮೂನೆಯಿಂದ ತೆಗೆದ ಡಿಎನ್‌ಎ ಯಾವುದರದ್ದೆಂದು ಖಚಿತಪಡಿಸದೆ ಹೋದರೆ ಒಂದು ಶಿಲೀಂಧ್ರದ ದೇಹಕ್ಕೆ ಇನ್ನೊಂದರ ವಂಶವಾಹಿ ಅಂಟಿಕೊಳ್ಳುತ್ತದೆ.

ನಾಮಕರಣ. ಶೈವಲ, ಶಿಲೀಂಧ್ರ ಮತ್ತು ಸಸ್ಯಗಳ ಅಂತರರಾಷ್ಟ್ರೀಯ ನಾಮಕರಣ ಸಂಹಿತೆಯ ಪ್ರಕಾರ ಹೊಸ ಹೆಸರು ಸಿಂಧುವಾಗಲು ಮೂಲಮಾದರಿಯನ್ನು ನಿರ್ದಿಷ್ಟವಾಗಿ ಸೂಚಿಸಿ, ಅದನ್ನಿಟ್ಟ ಸಂಗ್ರಹಾಲಯವನ್ನು ಹೇಳಬೇಕು. ಮೂಲಮಾದರಿ ಒಣ ನಮೂನೆಯಾಗಿರಬಹುದು, ಚಟುವಟಿಕೆ ನಿಂತ ಸ್ಥಿತಿಯಲ್ಲಿ ಕಾಪಿಟ್ಟ ಕೃಷಿಯೂ ಆಗಬಹುದು. ಜೀವಂತವಾಗಿ ಬೆಳೆಯುತ್ತಿರುವ ಕೃಷಿ ಆಗದು. 2012ರ ಜನವರಿ 1ರವರೆಗೆ ಪ್ರಭೇದ ವಿವರಣೆ ಲ್ಯಾಟಿನ್‌ನಲ್ಲೇ ಇರಬೇಕಿತ್ತು. ಅಂದಿನಿಂದ ಇಂಗ್ಲಿಷಿಗೂ ಮಾನ್ಯತೆ ಸಿಕ್ಕಿತು. 2013ರ ಜನವರಿ 1ರಿಂದ ಮೈಕೊಬ್ಯಾಂಕ್, ಇಂಡೆಕ್ಸ್ ಫಂಗೋರಂ ಅಥವಾ ಫಂಗಲ್ ನೇಮ್ಸ್‌ನಂಥ ನೋಂದಣಿ ಕೋಶದ ಗುರುತಿನ ಸಂಖ್ಯೆ ಕಡ್ಡಾಯ.

ಸಂಹಿತೆಯಲ್ಲಿ ಈ ಬದಲಾವಣೆಗಳನ್ನು ತಂದ 2011ರ ಮೆಲ್ಬರ್ನ್ ಸಸ್ಯವಿಜ್ಞಾನ ಅಧಿವೇಶನದ ಇನ್ನೊಂದು ತೀರ್ಮಾನ ಈ ಗುಂಪಿಗೆ ವಿಶೇಷವಾಗಿ ತಟ್ಟಿತು. ಅಲ್ಲಿಯವರೆಗೆ ಒಂದೇ ಶಿಲೀಂಧ್ರದ ಲೈಂಗಿಕ ರೂಪಕ್ಕೊಂದು, ನಿರ್ಲಿಂಗ ರೂಪಕ್ಕೊಂದು ಹೆಸರು ಇರಲು ಅವಕಾಶವಿತ್ತು. ಟಾಲಿಪೊಕ್ಲಾಡಿಯಂ ಇನ್‌ಫ್ಲೇಟಂ ಎಂಬುದು 1971ರಲ್ಲಿ ಮಣ್ಣಿನ ಬೂಷ್ಟೆಂದು ವಿವರಿತವಾಗಿತ್ತು. ದುಂಬಿಯ ಮರಿಹುಳುಗಳ ಮೇಲೆ ಬೆಳೆಯುವ ಕಾರ್ಡಿಸೆಪ್ಸ್ ಸಬ್‌ಸೆಸಿಲಿಸ್ ಅದರದೇ ಲೈಂಗಿಕ ರೂಪವೆಂದು ತಿಳಿದದ್ದು 1996ರಲ್ಲಿ. ಅಷ್ಟರಲ್ಲಿ ಅದರಿಂದ ತೆಗೆದ ಸೈಕ್ಲೋಸ್ಪೊರಿನ್ ಔಷಧ ಜಗತ್ತಿನಾದ್ಯಂತ ಬಳಕೆಯಲ್ಲಿತ್ತು. ಈಗ ಒಂದು ಶಿಲೀಂಧ್ರಕ್ಕೆ ಒಂದೇ ಹೆಸರು. ಇದರ ಫಲವಾಗಿ ಐಸೇರಿಯ ಜಾತಿಯ ಹಲವು ಪ್ರಭೇದಗಳು ಕಾರ್ಡಿಸೆಪ್ಸ್‌ಗೂ, ನೊಮುರೇಯ ರೈಲಿಯೈ ಮೆಟಾರೈಜಿಯಂಗೂ ವರ್ಗವಾದವು. ಹಳೆಯ ಕೃಷಿ ಕೈಪಿಡಿಗಳಲ್ಲಿ ಹಿಂದಿನ ಹೆಸರುಗಳೇ ಇವೆ.

ನಿದರ್ಶನ: ಒಫಿಯೊಕಾರ್ಡಿಸೆಪ್ಸ್ ಯುನಿಲ್ಯಾಟರಲಿಸ್ ಸಂಕೀರ್ಣ

ಬಡಗಿ ಇರುವೆಗಳನ್ನು ಗೂಡಿನಿಂದ ಹೊರನಡೆಸಿ, ಎಲೆಯಡಿ ಕಚ್ಚಿ ಹಿಡಿಯುವಂತೆ ಮಾಡಿ ಕೊಲ್ಲುವ ಈ ಶಿಲೀಂಧ್ರದ ಸ್ಟ್ರೋಮ ಇರುವೆಯ ಕತ್ತಿನ ಹಿಂಭಾಗದಿಂದ ಏಳುತ್ತದೆ. ಪೆರಿತೀಸಿಯಂಗಳ ದಿಂಡು ಅದರ ಒಂದೇ ಪಕ್ಕಕ್ಕೆ ಅಂಟಿರುತ್ತದೆ. ಆಲ್‌ಫ್ರೆಡ್ ರಸೆಲ್ ವಾಲೆಸ್ 1859ರಲ್ಲಿ ಸುಲಾವೆಸಿಯಲ್ಲಿ ಇಂಥ ಇರುವೆಗಳನ್ನು ಸಂಗ್ರಹಿಸಿದ್ದ. 1865ರಲ್ಲಿ ಫ್ರಾನ್ಸಿನ ತುಲಾನ್ ಸಹೋದರರು ಬ್ರೆಜಿಲಿನ ನಮೂನೆಯ ಆಧಾರದ ಮೇಲೆ ಪ್ರಭೇದವನ್ನು ವಿವರಿಸಿದರು. ಮುಂದಿನ ಒಂದೂವರೆ ಶತಮಾನ ಹಲವು ಖಂಡಗಳ ಇಂಥ ನಮೂನೆಗಳಿಗೂ ಇದೇ ಹೆಸರು ಸಂದಿತು.

ಥಾಯ್ಲೆಂಡಿನ ಕಾಡಿನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನಗಳು ಸತ್ತ ಇರುವೆಗಳು ನೆಲದಿಂದ ಸುಮಾರು 25 ಸೆಂಟಿಮೀಟರ್ ಎತ್ತರದ ಎಲೆಗಳಡಿ ಗುಂಪಾಗಿ ಇರುವುದನ್ನು ದಾಖಲಿಸಿದವು. ಅಲ್ಲಿ ತೇವಾಂಶ ಶೇ. 94-95, ಉಷ್ಣತೆ 20ರಿಂದ 30 ಡಿಗ್ರಿ ಸೆಲ್ಸಿಯಸ್. ಕಚ್ಚುವ ಕ್ರಿಯೆ ನಡುಹಗಲಿನ ಆಸುಪಾಸಿನಲ್ಲಿ ನಡೆಯುತ್ತದೆಂದು 2011ರಲ್ಲಿ ತಿಳಿಯಿತು. ಶಿಲೀಂಧ್ರದ ಕೋಶಗಳು ಸ್ನಾಯುತಂತುಗಳ ಸುತ್ತ ಜಾಲ ಹೆಣೆಯುತ್ತವೆ, ಆದರೆ ಮಿದುಳನ್ನು ಹೊಗುವುದಿಲ್ಲ ಎಂಬುದು 2017ರ ಸಂಶೋಧನೆ. ಈ ಇರುವೆಗಳ ಕಥೆ 2013ರ ಒಂದು ವಿಡಿಯೊ ಗೇಮ್ ಮತ್ತು ಅದನ್ನಾಧರಿಸಿದ ಟಿವಿ ಸರಣಿಯಿಂದ ಜನಪ್ರಿಯವಾಯಿತು. ವಾಸ್ತವದಲ್ಲಿ ಈ ಶಿಲೀಂಧ್ರಕ್ಕೆ ಮನುಷ್ಯನ ದೇಹ ಹಾಗಿರಲಿ, ಪಕ್ಕದ ಜಾತಿಯ ಇರುವೆಯೂ ಸಾಮಾನ್ಯವಾಗಿ ಒಗ್ಗುವುದಿಲ್ಲ.

ಹೊಸ ಪ್ರಭೇದಗಳ ಸುಳಿವು ಸಿಕ್ಕಿದ್ದೇ ಆತಿಥೇಯದ ಆಯ್ಕೆಯ ಈ ಕಟ್ಟುನಿಟ್ಟಿನಿಂದ. ಬ್ರೆಜಿಲಿನ ಮಿನಾಸ್ ಜೆರಾಯ್ಸ್ ರಾಜ್ಯದ ಅಟ್ಲಾಂಟಿಕ್ ಮಳೆಕಾಡಿನಲ್ಲಿ ಹ್ಯಾರಿ ಇವಾನ್ಸ್, ಸೈಮನ್ ಎಲಿಯಟ್ ಮತ್ತು ಡೇವಿಡ್ ಹ್ಯೂಸ್ ನಾಲ್ಕು ಬೇರೆ ಬೇರೆ ಬಡಗಿ ಇರುವೆ ಪ್ರಭೇದಗಳ ಮೇಲಿನ ನಮೂನೆಗಳನ್ನು ಹೋಲಿಸಿದರು. ಬರಿಗಣ್ಣಿಗೆ ನಾಲ್ಕೂ ಒಂದೇ ಬಗೆ. ಆಸ್ಕೋಬೀಜಕದ ಆಕಾರ ಮತ್ತು ಅಳತೆ, ಅವು ಮೊಳೆತಾಗ ಹುಟ್ಟುವ ಕೂದಲೆಳೆಯಂಥ ಕಾಂಡ ಮತ್ತು ಅದರ ತುದಿಯ ಎರಡನೆಯ ಬೀಜಕ, ಇರುವೆಯ ಮೈಮೇಲಿನ ನಿರ್ಲಿಂಗ ರೂಪಗಳು ಇವು ಒಂದೊಂದರಲ್ಲೂ ಬೇರೆಯಾಗಿದ್ದವು. 2011ರಲ್ಲಿ ಅವರು ನಾಲ್ಕು ಹೊಸ ಪ್ರಭೇದಗಳನ್ನು ಪ್ರಕಟಿಸಿ, ಪ್ರತಿಯೊಂದಕ್ಕೂ ಅದರ ಇರುವೆಯ ಹೆಸರನ್ನೇ ಇಟ್ಟರು: ಒ. ಕ್ಯಾಂಪೊನೋಟಿ-ರೂಫಿಪೀಡಿಸ್, ಒ. ಕ್ಯಾಂಪೊನೋಟಿ-ಬಾಲ್ಜಾನಿ, ಒ. ಕ್ಯಾಂಪೊನೋಟಿ-ಮೆಲನೋಟಿಸಿ ಮತ್ತು ಒ. ಕ್ಯಾಂಪೊನೋಟಿ-ನೋವೊಗ್ರಾನಡೆನ್ಸಿಸ್. ತುಲಾನ್ ಸಹೋದರರ ಮೂಲ ಚಿತ್ರವನ್ನು ಪರಿಶೀಲಿಸಿದಾಗ, ಎಲೆಕತ್ತರಿಸುವ ಇರುವೆಯೆಂದು ಬರೆದಿದ್ದ ಆತಿಥೇಯ ವಾಸ್ತವವಾಗಿ ಕ್ಯಾಂಪೊನೋಟಸ್ ಸೆರಿಸೈವೆಂಟ್ರಿಸ್ ಎಂಬ ಬಡಗಿ ಇರುವೆ ಎಂದು ಗೊತ್ತಾಯಿತು. ಮೂಲ ಹೆಸರು ಆ ಒಂದು ಇರುವೆಯ ಶಿಲೀಂಧ್ರಕ್ಕೆ ಸೀಮಿತವಾಯಿತು.

ಈ ಕೆಲಸ ರಚನೆಯ ಮೇಲೆ ನಿಂತಿತ್ತು. ವಂಶವಾಹಿಯ ಸಾಕ್ಷ್ಯ ಬೇರೆ ಕಡೆಯಿಂದ ಬಂತು. ಥಾಯ್ಲೆಂಡಿನಲ್ಲಿ ನೊಪ್ಪೊಲ್ ಕೊಬ್ಮೂ ಮತ್ತು ಸಂಗಡಿಗರು ಆತಿಥೇಯಕ್ಕೆ ತಕ್ಕಂತೆ ಶಿಲೀಂಧ್ರದ ವಂಶಗಳು ಕವಲೊಡೆದಿರುವುದನ್ನು 2012ರಲ್ಲಿ ತೋರಿಸಿ, 2015ರಲ್ಲಿ ಅವುಗಳಿಗೆ ಹೆಸರಿಟ್ಟರು. 2018ರಲ್ಲಿ ಜೊವಾವ್ ಅರಾವುಜೊ ಮತ್ತು ಸಂಗಡಿಗರು ಹಲವು ಖಂಡಗಳ ನಮೂನೆಗಳನ್ನು ರಚನೆ ಮತ್ತು ವಂಶವಾಹಿ ಎರಡರಿಂದಲೂ ಪರಿಶೀಲಿಸಿ, ಹೊಸ ಪ್ರಭೇದಗಳ ಇನ್ನೊಂದು ದೊಡ್ಡ ಸಾಲನ್ನೇ ಸೇರಿಸಿದರು. ಅಮೆರಿಕದ ದಕ್ಷಿಣ ಭಾಗದ ಕಾಡುಗಳಲ್ಲಿ ಕಡ್ಡಿ ಕಚ್ಚುವ ಇರುವೆಗಳ ಮೇಲಿನ ಒ. ಕಿಮ್‌ಫ್ಲೆಮಿಂಜಿಯೆ ಅವುಗಳಲ್ಲಿ ಒಂದು.

ಇದಕ್ಕೆ ಪ್ರತಿಯಾದ ನಿದರ್ಶನ ಮೆಟಾರೈಜಿಯಂ. ಅಲ್ಲಿ ರಚನೆಯಿಂದ ಬೇರ್ಪಡಿಸಲು ಆಗದ ನಮೂನೆಗಳನ್ನು 2009ರಲ್ಲಿ ವಂಶವಾಹಿಗಳ ಬಲದಿಂದ 9 ಪ್ರಭೇದಗಳಾಗಿ ವಿಂಗಡಿಸಲಾಯಿತು, ಒಂದೇ ಮೆ. ಅನೈಸೋಪ್ಲಿಯೆ ಎಂದು ಮಾರಾಟವಾಗುತ್ತಿದ್ದ ತಳಿಗಳು ಬೇರೆ ಬೇರೆ ಹೆಸರಿನಡಿ ಹೋದವು.

ಉಪಯೋಗಗಳು

ಟಾಲಿಪೊಕ್ಲಾಡಿಯಂ ಇನ್‌ಫ್ಲೇಟಂನಿಂದ ದೊರೆತ ಸೈಕ್ಲೋಸ್ಪೊರಿನ್ ಅಂಗಾಂಗ ಕಸಿಯಲ್ಲಿ ದೇಹದ ನಿರಾಕರಣೆಯನ್ನು ತಡೆಯುತ್ತದೆ. ಸಿಕಾಡದ ಮೇಲೆ ಬೆಳೆಯುವ ಐಸೇರಿಯ ಸಿನ್‌ಕ್ಲೇರಿಯೈಯಲ್ಲಿ ಕಂಡ ಮೈರಿಯೋಸಿನ್ ಎಂಬ ವಸ್ತುವನ್ನು ಮಾರ್ಪಡಿಸಿ ತಯಾರಿಸಿದ ಫಿಂಗೋಲಿಮೋಡ್‌ಗೆ ಮಲ್ಟಿಪಲ್ ಸ್ಕ್ಲಿರೋಸಿಸ್ ರೋಗದ ಚಿಕಿತ್ಸೆಗಾಗಿ 2010ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಕಾ. ಮಿಲಿಟಾರಿಸ್‌ನಿಂದ ಕಾರ್ಡಿಸೆಪಿನ್ 1950ರಲ್ಲಿ ಪ್ರತ್ಯೇಕಗೊಂಡಿತು. ಪೀಡೆ ನಿಯಂತ್ರಣದಲ್ಲಿ ಬ್ಯೂವೇರಿಯಾ ಮತ್ತು ಮೆಟಾರೈಜಿಯಂ ಪ್ರಭೇದಗಳು ಅಕ್ಕಿ ಮುಂತಾದ ಧಾನ್ಯಗಳ ಮೇಲೆ ಬೆಳೆಸಿ ಮಾರುವ ಜೈವಿಕ ಕೀಟನಾಶಕಗಳಾಗಿವೆ.

ಭಾರತ ಮತ್ತು ಕರ್ನಾಟಕ

ಒ. ಸೈನೆನ್ಸಿಸ್ ಉತ್ತರಾಖಂಡದ ಪಿಥೋರಗಢ ಮತ್ತು ಚಮೋಲಿ ಜಿಲ್ಲೆಗಳ ಎತ್ತರದ ಹುಲ್ಲುಗಾವಲುಗಳಲ್ಲಿ ಕೀಡಾಜಡಿ ಎಂಬ ಹೆಸರಿನಿಂದ ಸಂಗ್ರಹವಾಗುತ್ತದೆ. ಕರ್ನಾಟಕದ ಪಶ್ಚಿಮ ಘಟ್ಟದಿಂದ ಒ. ನ್ಯೂಟನ್ಸ್ ನಾರುವ ತಿಗಣೆಗಳ ಮೇಲೆ ವರದಿಯಾಗಿದೆ. ಕೃಷಿಯಲ್ಲಿ ಕಾಫಿಯ ಕಾಯಿಕೊರಕಕ್ಕೆ ಬ್ಯೂವೇರಿಯಾ ಬಾಸಿಯಾನ, ತೆಂಗಿನ ಕುರುವಾಯಿ ಕೀಟ ಮತ್ತು ಗೊಣ್ಣೆಹುಳುಗಳಿಗೆ ಮೆಟಾರೈಜಿಯಂ ಬಳಕೆಯಲ್ಲಿವೆ. ಎಲೆ ತಿನ್ನುವ ಹುಳುಗಳ ಮೇಲೆ ಮಳೆಗಾಲದಲ್ಲಿ ತಾನಾಗಿ ಹಬ್ಬುವ ಮೆಟಾರೈಜಿಯಂ ರೈಲಿಯೈ ಕುರಿತು ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಹೆಚ್ಚಿನ ಕೆಲಸ ನಡೆದಿದೆ. ರೇಷ್ಮೆ ಬೆಳೆಯುವ ಪ್ರದೇಶದಲ್ಲಿ ಬ್ಯೂವೇರಿಯಾ ಸಿಂಪಡಿಸುವಾಗ ಸುಣ್ಣಕಟ್ಟಿನ ಭಯವಿರುವುದರಿಂದ ಎಚ್ಚರ ಅಗತ್ಯ.

ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಕೇಂದ್ರ ಕೀಟರೋಗಕಾರಕ ಸೂಕ್ಷ್ಮಜೀವಿಗಳ ಸಂಗ್ರಹವನ್ನು ಹೊಂದಿದೆ. ಪುಣೆಯ ಅಘಾರ್ಕರ್ ಸಂಶೋಧನ ಸಂಸ್ಥೆಯಲ್ಲಿ ಅಜ್ರೇಕರ್ ಶಿಲೀಂಧ್ರ ಸಂಗ್ರಹಾಲಯವೂ ರಾಷ್ಟ್ರೀಯ ಶಿಲೀಂಧ್ರ ಕೃಷಿ ಸಂಗ್ರಹವೂ ಇವೆ. 2002ರ ಜೀವವೈವಿಧ್ಯ ಕಾಯ್ದೆಯ 39ನೆಯ ಕಲಮಿನ ಪ್ರಕಾರ ದೇಶದಲ್ಲಿ ಹೊಸ ಪ್ರಭೇದ ಕಂಡುಹಿಡಿದವರು ಅದನ್ನು ನಿಯೋಜಿತ ಭಂಡಾರಕ್ಕೆ ತಿಳಿಸಿ, ನಮೂನೆಯನ್ನು ಅಲ್ಲಿ ಇಡಬೇಕು. ಸಂರಕ್ಷಿತ ಕಾಡಿನಲ್ಲಿ ಸಂಗ್ರಹಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು.

ಇಂದಿನ ಸ್ಥಿತಿ

ಒಫಿಯೊಕಾರ್ಡಿಸೆಪ್ಸ್ ಜಾತಿಯೊಂದರಲ್ಲೇ ಇಂದು ಸುಮಾರು 300 ಪ್ರಭೇದಗಳನ್ನು ಒಪ್ಪಲಾಗಿದೆ. ಹೊಸ ವಿವರಣೆಗಳಲ್ಲಿ ಹೆಚ್ಚಿನವು ಚೀನದ ಯುನ್ನಾನ್ ಮತ್ತು ನೈಋತ್ಯ ಪ್ರಾಂತ್ಯಗಳು, ಥಾಯ್ಲೆಂಡ್, ಬ್ರೆಜಿಲ್ ಮತ್ತು ಜಪಾನಿನಿಂದ ಬರುತ್ತಿವೆ. ಇದು ಪ್ರಭೇದಗಳ ಹಂಚಿಕೆಗಿಂತ ಸಂಗ್ರಾಹಕರ ಹಂಚಿಕೆಯನ್ನು ಹೆಚ್ಚು ತೋರಿಸುತ್ತದೆ. ಸಮೀಕ್ಷೆ ಚೆನ್ನಾಗಿ ನಡೆದ ನಾಡುಗಳಲ್ಲೂ ಹೊಸವು ಸಿಗುತ್ತವೆ: ಉತ್ತರ ಐರ್ಲೆಂಡಿನಲ್ಲಿ ದೂರದರ್ಶನ ಚಿತ್ರೀಕರಣದ ವೇಳೆ ಜೇಡವೊಂದರ ಮೇಲೆ ಕಂಡ, ಹೈಪೊಕ್ರಿಯೇಲಿಸ್ ಗಣಕ್ಕೇ ಸೇರಿದ ಶಿಲೀಂಧ್ರ 2025ರಲ್ಲಿ ಜಿಬೆಲ್ಲುಲ ಅಟೆನ್‌ಬರೊಯಿ ಎಂಬ ಹೆಸರು ಪಡೆಯಿತು.

ಅತಿಸಂಗ್ರಹದಿಂದ ಕುಗ್ಗುತ್ತಿರುವ ಒ. ಸೈನೆನ್ಸಿಸ್ ಅನ್ನು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣ ಒಕ್ಕೂಟ 2020ರಲ್ಲಿ ಅಪಾಯಕ್ಕೀಡಾಗಬಲ್ಲ ಪ್ರಭೇದಗಳ ಪಟ್ಟಿಗೆ ಸೇರಿಸಿತು. ಉಳಿದವುಗಳಲ್ಲಿ ಬಹುಪಾಲಿಗೆ ಇಂಥ ಅಂದಾಜೇ ಆಗಿಲ್ಲ. ಒಂದೇ ಆತಿಥೇಯವನ್ನು ನೆಚ್ಚಿದ ಶಿಲೀಂಧ್ರ ಆ ಕೀಟ ಇಲ್ಲವಾದ ಕಡೆ ತಾನೂ ಇಲ್ಲವಾಗುತ್ತದೆ.

ಮಣ್ಣು ಮತ್ತು ತರಗೆಲೆಯಿಂದ ನೇರವಾಗಿ ಡಿಎನ್‌ಎ ಓದುವ ವಿಧಾನಗಳು ಯಾವ ಹೆಸರಿಗೂ ಹೊಂದದ ಅಸಂಖ್ಯ ಅನುಕ್ರಮಗಳನ್ನು ಹೊರತೆಗೆಯುತ್ತಿವೆ. ಬರಿಯ ಅನುಕ್ರಮವನ್ನೇ ಮೂಲಮಾದರಿಯಾಗಿ ಒಪ್ಪಬೇಕೆಂಬ ಪ್ರಸ್ತಾವ 2018ರಲ್ಲಿ ಸಾನ್ ಹ್ವಾನ್‌ನಲ್ಲಿ ನಡೆದ ಶಿಲೀಂಧ್ರವಿಜ್ಞಾನಿಗಳ ಅಧಿವೇಶನದಲ್ಲಿ ಅಂಗೀಕಾರವಾಗಲಿಲ್ಲ. ಹಾಗಾಗಿ ನಮೂನೆ ಕೈಗೆ ಸಿಗುವವರೆಗೆ ಅವು ಸಂಖ್ಯೆಗಳಾಗಿಯೇ ದತ್ತಕೋಶಗಳಲ್ಲಿ ಉಳಿದಿವೆ.